ಮೂರು ಕಾಳು ಹೆಚ್ಚು

ನಾನು ಗಿರಣಿ ಓಬಕ್ಕ. ನನ್ನ ಗಂಟಲು ದೊಡ್ಡದು ಅಂತ ಬೀದಿಯೆಲ್ಲ ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಕೂಗಾಡಿದವಳಿಗೆ ಪಿಸುಮಾತು ಎಲ್ಲಿಂದ ಬರಬೇಕು? ಮನಸ್ಸಿಗೆ ಬಂದದ್ದು ಬಾಯಿಗೆ ಬಂದುಬಿಡುತ್ತದೆ. ಜೀವಮಾನದಲ್ಲಿ ಒಂದೇ ಒಂದು ಮಾತನ್ನು ನುಂಗಿಕೊಂಡೆ, ಅದೂ ಆಡಲೇಬೇಕಾಗಿದ್ದ ಮಾತು. ಅದನ್ನೇ ಹೇಳುತ್ತೇನೆ, ಕೇಳಿ.

ನಮ್ಮೂರಲ್ಲಿ ಬೀದಿಗೊಂದು ಬಾವಿ. ಬಾವಿಯ ನೀರು ಒಂದು ಮೆಟ್ಟಿಲು ಇಳಿಯಿತೆಂದರೆ ಆ ಬೀದಿಯಲ್ಲಿ ಒಂದು ಮನೆ ಹೆಚ್ಚಾಯಿತು ಎಂದು ಅರ್ಥ. ಯಾವ ಮನೆ ಎಂದು ಬಾವಿ ಹೇಳುವುದಿಲ್ಲ, ಎಲೆ ಹೇಳುತ್ತದೆ. ಎಲೆ ಎಂದರೆ ಇಸ್ಪೀಟಿನ ಎಲೆ. ಹಳೇ ಕಟ್ಟಿನ ಡಬ್ಬಿಯ ಮೇಲೆ ‘ಪೋಕರ್’ ಎಂದು ಅಚ್ಚಾಗಿದೆ, ನಮಗೆ ಮಾತ್ರ ಅದು ಬರೀ ಎಲೆ. ಕೈಗೆ ಎರಡೆಲೆ, ಚಾಪೆಯ ಮೇಲೆ ಎಲ್ಲರಿಗೂ ಸೇರಿ ಐದೆಲೆ. ಯಾರ ಜೋಡಿ ದೊಡ್ಡದೋ, ಜೋಡಿ ಇಲ್ಲದಿದ್ದರೆ ಯಾರ ಎಲೆ ದೊಡ್ಡದೋ ಅವರು ಗೆದ್ದರು. ಪಣಕ್ಕೆ ಗುಲಗಂಜಿ. ಮನೆಗೊಂದು ಚೀಲ, ಹೋದ ಆಟದಲ್ಲಿ ಉಳಿದ ಕಾಳೇ ಈ ಆಟಕ್ಕೆ. ಯಾರ ಚೀಲ ಮೊದಲು ಬರಿದಾಯಿತೋ ಆ ಮನೆಯವರ ಬಾಯಿಗೆ ಊರಿನ ನೀರೆಲ್ಲ ಕಹಿ. ಕಾಯಿಸಿದರೂ ಅಷ್ಟೆ, ಬೆಲ್ಲ ಕಲಸಿದರೂ ಅಷ್ಟೆ, ಬೇರೆ ಬೀದಿಯ ಬಾವಿಗೆ ಹೋದರೂ ಅಷ್ಟೆ, ಗಂಟಲಲ್ಲಿ ಇಳಿಯುವುದಿಲ್ಲ. ಅವತ್ತೇ ಗಡಿಕಲ್ಲು ದಾಟಿ ಬಯಲಿಗೆ ಬೀಳಬೇಕು. ಬಯಲಿನಾಚೆ ಏನಿದೆಯೋ ಯಾರು ಬಲ್ಲರು, ಹೋದವರಲ್ಲಿ ಒಬ್ಬರೂ ತಿರುಗಿ ಬಂದು ಹೇಳಿಲ್ಲ. ಅವರ ಜೊತೆ ನಾವೂ ಹೋಗೋಣವೆಂದರೆ, ಚೀಲದಲ್ಲಿ ಕಾಳಿರುವವರ ಕಾಲು ಗಡಿಕಲ್ಲಿನ ಹತ್ತಿರ ಮೇಲೇಳುವುದಿಲ್ಲ. ಚೀಲ ಎಸೆದರೆ ಬೆಳಿಗ್ಗೆ ಮತ್ತೆ ಮನೆಯ ಗೂಟದಲ್ಲಿ ತೂಗುತ್ತಿರುತ್ತದೆ. ಕಾಳು ದಾನ ಕೊಡುವಂತಿಲ್ಲ. ಆಟದಲ್ಲಿ ಸೋಲುವುದೊಂದೇ ದಾರಿ.

ಇದಕ್ಕೆ ಜನ ಒಗ್ಗಿಹೋಗಿದ್ದಾರೆ. ನನ್ನ ಗಿರಣಿಗೆ ಯಾರೂ ಮೂರು ದಿನಕ್ಕಿಂತ ಹೆಚ್ಚಿನ ರಾಗಿ ತರುವುದಿಲ್ಲ. ತೆಂಗಿನ ಸಸಿ ನೆಡುವ ಹುಚ್ಚರು ನಮ್ಮಲ್ಲಿಲ್ಲ, ನುಗ್ಗೆ ನೆಡುತ್ತಾರೆ, ಬೇಗ ಬರುತ್ತದೆ ಅಂತ. ಹೆಣ್ಣು ನೋಡಲು ಬಂದವರು ಮೊದಲು ಗೂಟದ ಚೀಲ ಎತ್ತಿ ತೂಕ ನೋಡುತ್ತಾರೆ, ಆಮೇಲೆ ಹುಡುಗಿಯ ಮುಖ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಚೀಲ ಎರಡು ಕೈಯಲ್ಲಿ ಎತ್ತುವಷ್ಟಿತ್ತು. ನನ್ನ ಗಂಡ, ಪುಣ್ಯಾತ್ಮ, ಅಂಜುಬುರುಕ. ನಾಲ್ಕು ಕಾಳು ಹಾಕಿ ನೋಡುವುದು, ಹೆದರಿ ಬಿಡುವುದು, ಮತ್ತೆ ನಾಲ್ಕು ಹಾಕುವುದು. ಎರಡು ಆಟದಲ್ಲಿ ಚೀಲ ಸೊರಗಿತು, ಆ ಕೊರಗಿನಲ್ಲೇ ಅವನೂ ಹೋದ. ನನಗೆ ಆಗ ಎಕ್ಕಕ್ಕೂ ಗುಲಾಮನಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಕಲಿಸಿದವನು ಎದುರುಮನೆಯ ಬೊಮ್ಮಯ್ಯ, ಹಗ್ಗ ಹೊಸೆಯುವವನು. ಗಿರಣಿ ಓಡುತ್ತಿದ್ದಾಗ ಹಿಟ್ಟಿನ ಡಬ್ಬದ ಮೇಲೆ ಎಲೆ ಹರಡಿ, ನನ್ನಷ್ಟೇ ಜೋರಾಗಿ ಕೂಗಿ ಕೂಗಿ ಕಲಿಸಿದ.

“ನೋಡವ್ವ, ಚೀಲ ದಪ್ಪ ಇರೋರಿಗೆ ಸಾವಿರ ಆಟ. ಚೀಲ ಸಣ್ಣ ಆದೋರಿಗೆ ಎರಡೇ. ಮಡಚು, ಇಲ್ಲಾ ಸುರಿ. ಒಂಚೂರು ಹಾಕಿ ನೋಡಾನ ಅಂದ್ಯೋ, ನಿನ್ನ ಗಂಡನ ದಾರೀನೇ.” ಮಡಚುವುದೆಂದರೆ ಆ ಸಲದ ಎಲೆ ಕೈಬಿಡುವುದು, ಸುರಿಯುವುದೆಂದರೆ ಇರುವ ಕಾಳನ್ನೆಲ್ಲ ಒಂದೇ ಸಲ ಚಾಪೆಗೆ ಸುರಿದುಬಿಡುವುದು. “ಮೊದಲು ಸುರಿಯೋಳಿಗೆ ಎರಡು ಬಾಗಿಲು. ಎಲ್ಲರೂ ಹೆದರಿ ಎಲೆ ಮಡಚಿದ್ರೂ ಗೆದ್ದೆ, ಎಲೆ ದೊಡ್ಡದಿದ್ರೂ ಗೆದ್ದೆ. ಇನ್ನೊಬ್ಬ ಸುರಿದ ಮೇಲೆ ಅವನ ಹಿಂದೆ ಬೀಳೋಳಿಗೆ ಒಂದೇ ಬಾಗಿಲು. ತಿಳೀತಾ?”

“ಎರಡು ಐದು ಬಂದ್ರೆ ಏನ್ ಮಾಡ್ಲಣ್ಣ?” ಎಂದು ನಾನು ತಮಾಷೆಗೆ ಕೇಳಿದ್ದೆ. ದರಿದ್ರದ ಎಲೆ ಅಂದರೆ ಅಂಥದ್ದು.

“ಎರಡು ಐದು ಬಂದ್ರೆ ಮಡಚಿಟ್ಟು ಅಡಿಕೆ ಎಲೆ ಹಾಕ್ಕಂಡು ಕೂತ್ಕ. ಅದರ ಮೇಲೆ ಸುರಿಯೋನು ಹುಚ್ಚ, ಇಲ್ಲಾ ಮನೆಗೆ ಬೆಂಕಿ ಇಕ್ಕೋನು.”

ಆ ಕಲಿಕೆಯಿಂದಲೇ ಎರಡು ಆಟ ಉಳಿದುಕೊಂಡೆ. ಆಮೇಲೆ ನನ್ನ ಮಗಳು ದುರುಗಿ ಅವನ ಮಗ ಪಾಲಯ್ಯನನ್ನು ಮೆಚ್ಚಿದಳು, ಬೊಮ್ಮಯ್ಯ ನನಗೆ ಬೀಗನಾದ. ಬೀದಿ ದಾಟಿದರೆ ಮಗಳ ಮನೆ. ಅಲ್ಲಿ ಬೊಮ್ಮಯ್ಯ, ಅವನ ಹೆಂಡತಿ ಸಾಕಮ್ಮ, ಅಳಿಯ, ಮಗಳು, ಒಟ್ಟು ನಾಲ್ಕು ಬಾಯಿ. ಇಲ್ಲಿ ನಾನೊಬ್ಬಳೇ. ಬೊಮ್ಮಯ್ಯ ಹಗ್ಗ ಹೊಸೆಯುತ್ತಾ ಅಲ್ಲಿಂದಲೇ ರೇಗಿಸುವನು: “ಏನ್ ಬೀಗ್ತಿ, ಇವತ್ತು ಹಿಟ್ಟಲ್ಲಿ ಎಷ್ಟು ಕಲ್ಲು ಬೀಸಿದೆ?” ನಾನು ಬಿಡುವವಳೇ? “ನಿಮ್ಮ ಹಗ್ಗಕ್ಕಿಂತ ನಮ್ಮನೆ ಶ್ಯಾವಿಗೆ ಗಟ್ಟಿ ಬೀಗ್ರೇ” ಎನ್ನುವೆ. ಸಾಕಮ್ಮ ಸೆರಗು ಬಾಯಿಗಿಟ್ಟು ನಗುವಳು. ಸುಖವಾಗಿದ್ದೆವು, ಸುಳ್ಳು ಯಾಕೆ ಹೇಳಲಿ.

ದುರುಗಿಗೆ ಏಳು ತಿಂಗಳಾದಾಗ ಬಾವಿ ಇಳಿಯಿತು. ಬೆಳಿಗ್ಗೆ ನೀರಿಗೆ ಹೋದ ಪಾಲಯ್ಯ ಬರೀ ಕೊಡ ಹಿಡಿದು ಬಂದು, “ಅತ್ತೆ, ಮೆಟ್ಟಿಲು ಒಣಗೈತೆ” ಎಂದ. ಮೂರನೇ ದಿನಕ್ಕೆ ಆಟ. ನಮ್ಮ ಬೀದಿಯಲ್ಲಿ ಒಂಬತ್ತು ಮನೆ. ಏಳು ಮನೆಯ ಚೀಲಗಳು ನೂರು ನೂರೈವತ್ತು ಕಾಳಿನವು. ಸೊರಗಿದವು ಎರಡೇ, ನನ್ನದು ಮತ್ತು ಬೊಮ್ಮಯ್ಯನದು.

ಬೊಮ್ಮಯ್ಯ ತನ್ನ ಚೀಲ ತಗೊಂಡು ಗಿರಣಿಗೆ ಬಂದ. ಗಿರಣಿ ನಿಲ್ಲಿಸಿದೆ. ಇಬ್ಬರೂ ಮೊರದಲ್ಲಿ ಕಾಳು ಹರಡಿ ಎಣಿಸಿದೆವು. ನನ್ನದು ಇಪ್ಪತ್ತಾರು, ಅವನದು ಇಪ್ಪತ್ತಮೂರು. ಅವನು ಮತ್ತೊಂದು ಸಲ ಎಣಿಸಿದ, ಇಪ್ಪತ್ತಮೂರೇ.

“ಚೊಚ್ಚಲ ಹೆರಿಗೆ ತವರಲ್ಲಿ ತಾನೆ” ಎಂದ. “ಒಂದು ತಿಂಗಳು ಮುಂಚೆ ಕರಕಂಡ್ರೆ ಯಾರೂ ಕೇಳಾಕಿಲ್ಲ. ನಿನ್ನ ಚೀಲ ನಮ್ಮದಕ್ಕಿಂತ ಮೂರು ಕಾಳು ಹೆಚ್ಚೈತೆ. ಕೂಸೂ ಬಾಣಂತೀನೂ ಹೆಚ್ಚಿರೋ ಕಡೆ ಇರ್ಲಿ.”

ನಮ್ಮಲ್ಲಿ ಲೆಕ್ಕ ಹಾಗೆ. ಆಟದ ಹಿಂದಿನ ರಾತ್ರಿ ಯಾರು ಯಾವ ಸೂರಿನಡಿ ಮಲಗಿದರೋ ಅವರು ಆ ಚೀಲಕ್ಕೆ ಸೇರಿದವರು. ನಮ್ಮ ಅಜ್ಜಿಯರಿಂದ ಕೇಳಿಕೊಂಡು ಬಂದ ಮಾತು. ನನಗೂ ಅದೇ ಸರಿಯೆನಿಸಿತು. ಸರಿಯೆನಿಸಿತು ಏನು, ಒಳಗೊಳಗೇ ಖುಷಿಯಾಯಿತು, ಮಗಳು ಮನೆಗೆ ಬರುತ್ತಾಳೆ ಅಂತ. ದುರುಗಿ ಮಾತ್ರ ಸಿಡಿದಳು: “ನನ್ನೇನು ರಾಗಿಮೂಟೆ ಅಂದ್ಕಂಡ್ರಾ, ಆ ಮನೆಯಿಂದ ಈ ಮನೆಗೆ ಹೊರಾಕೆ? ನಾನಿಲ್ಲೇ ಇರ್ತೀನಿ.” ಮಾವನೇ ಅವಳ ಸೀರೆ ಗಂಟು ಹೊತ್ತುಕೊಂಡು ಬೀದಿ ದಾಟಿಸಿದ. ಪಾಲಯ್ಯ ಬಾಗಿಲಲ್ಲೇ ನಿಂತಿದ್ದ.

ಆಟ ಬಾವಿಕಟ್ಟೆಯ ಹತ್ತಿರ, ಹೊಂಗೆಮರದ ಕೆಳಗೆ. ಹೊತ್ತು ಮೂಡಿದಾಗ ಕೂತರೆ ಒಂದು ಚೀಲ ಬರಿದಾಗುವವರೆಗೆ ಏಳುವಂತಿಲ್ಲ, ನೀರು ಮುಟ್ಟುವಂತಿಲ್ಲ. ಎಲೆ ಹಾಕುವವಳು ಬೇರೆ ಬೀದಿಯ ಮಾರವ್ವ. ಪ್ರತಿ ಸಲ ಎಲೆ ಹಾಕುವಾಗಲೂ ಇಬ್ಬರು ಎಲೆ ನೋಡುವ ಮೊದಲೇ ಕಾಳು ಕಟ್ಟಬೇಕು, ಒಬ್ಬರು ಚಿಕ್ಕಪಾಲು, ಮೊದಲಿಗೆ ಒಂದು ಕಾಳು, ಪಕ್ಕದವರು ಅದರ ಎರಡರಷ್ಟು ದೊಡ್ಡಪಾಲು. ಈ ಪಾಲು ಕಟ್ಟುವ ಸರದಿ ಚಾಪೆಯ ಸುತ್ತ ತಿರುಗುತ್ತಾ ಬರುತ್ತದೆ. ಕೊಂಬೆಗೆ ನೇತುಹಾಕಿದ ತೂತುಮಡಕೆಯ ನೀರು ಸೋರಿ ಒಂದು ಸಲ ಬರಿದಾದರೆ ಪಾಲು ದುಪ್ಪಟ್ಟು. ದಪ್ಪ ಚೀಲದವರಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. ನಮ್ಮಂಥವರನ್ನು ಸುಮ್ಮನೆ ಕೂತಲ್ಲೇ ತಿಂದುಹಾಕುತ್ತದೆ.

ಆ ಏಳು ಮನೆಯವರು ಆಡಲೇ ಇಲ್ಲ. ಬಂದ ಎಲೆಯನ್ನು ನೋಡಿ, ಮಡಚಿ, ಪಕ್ಕಕ್ಕಿಟ್ಟು, ಬೆನ್ನು ಕೆರೆದುಕೊಳ್ಳುತ್ತಾ ಕೂತರು. ಅವರಿಗೇನು, ನಾವಿಬ್ಬರಲ್ಲಿ ಒಬ್ಬರು ಒಣಗಿದರೆ ಸಾಕು. ನನ್ನ ಬಲಕ್ಕೆ ಗಾಣದ ರುದ್ರಪ್ಪ, ಅವನ ಬಲಕ್ಕೆ ಬೊಮ್ಮಯ್ಯ. ರುದ್ರಪ್ಪ ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದ. “ನಿಧಾನಕ್ಕೆ ಆಡ್ರಮ್ಮ, ಯಾರಿಗೇನು ಅವಸರ” ಎಂದ. ಥೂ ಇವನ ಬಾಯಿಗೆ ಗಾಣದ ಹಿಂಡಿ ಹಾಕ, ಎಂದುಕೊಂಡೆ. ಎಂದುಕೊಂಡೆನೇನು, ಅಂದೇಬಿಟ್ಟೆ. ಅವನು ನಕ್ಕ.

ಬೆಳಗಿನ ಹೊತ್ತು ಮೂರು ಸಲ ಸುರಿದೆ. ಎಕ್ಕ ಹತ್ತು ಬಂದಾಗ, ಏಳರ ಜೋಡಿ ಬಂದಾಗ, ಇನ್ನೊಂದು ಸಲ ಏನೂ ಇಲ್ಲದೆ ಬರೀ ಧೈರ್ಯದ ಮೇಲೆ. ಮೂರು ಸಲವೂ ಎಲ್ಲರೂ ಮಡಚಿದರು, ಕಟ್ಟಿದ ಪಾಲು ನನಗೆ ಸಿಕ್ಕಿತು. ಆದರೆ ಬಂದದ್ದು ಒಂದು ಸುತ್ತಿಗೆ ಸರಿಹೋಗುತ್ತಿತ್ತು, ಮುಂದಿನ ಸುತ್ತು ಮತ್ತೆ ತಿನ್ನುತ್ತಿತ್ತು. ಬೊಮ್ಮಯ್ಯನೂ ಎರಡು ಸಲ ಸುರಿದು ಉಳಿದ. ಅವನು ಸುರಿದಾಗ ನಾನು ಎಲೆ ನೋಡದೆಯೂ ಮಡಚುತ್ತಿದ್ದೆ, ನಾನು ಸುರಿದಾಗ ಅವನು. ಮಾತಾಡಿಕೊಂಡದ್ದಲ್ಲ. ಇನ್ನು ಯಾರಾದರೂ ಒಬ್ಬ ದಪ್ಪ ಚೀಲದವನು ಆಸೆಬಿದ್ದು ಮುಗ್ಗರಿಸಲಿ ಎಂಬ ಆಸೆ ಇಬ್ಬರಿಗೂ. ಯಾರೂ ಮುಗ್ಗರಿಸಲಿಲ್ಲ.

ದುರುಗಿ ಗಿರಣಿಯ ಹೊಸ್ತಿಲ ಮೇಲೆ ಕೂತಿದ್ದಳು, ಅಲ್ಲಿಂದ ಚಾಪೆ ಕಾಣುತ್ತದೆ. ಒಂದು ಕೈ ಹೊಟ್ಟೆಯ ಮೇಲೆ. ನಾನು ಸೋತರೆ ಆ ಹೊಟ್ಟೆ ಹೊತ್ತು ಬಯಲಿಗೆ ನಡೆಯಬೇಕಾದವಳು ಅವಳು. ಎಲೆ ಎತ್ತುವಾಗಲೆಲ್ಲ ಅದೊಂದೇ ಯೋಚನೆ.

ಎರಡನೇ ಮಡಕೆ ಬರಿದಾಗಿ ಪಾಲು ನಾಲ್ಕು, ಎಂಟು ಆಯಿತು. ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಹತ್ತಿರ ಹನ್ನೆರಡು ಕಾಳು, ಬೊಮ್ಮಯ್ಯನ ಹತ್ತಿರ ಒಂಬತ್ತು. ದೊಡ್ಡಪಾಲು ಕಟ್ಟುವ ಸರದಿ ನನ್ನದು. ಎಂಟು ಕಾಳು ಮುಂದಿಟ್ಟೆ, ಚೀಲದಲ್ಲಿ ನಾಲ್ಕು ಉಳಿದವು. ಬೊಮ್ಮಯ್ಯ ತನ್ನ ಪಾಲುಗಳನ್ನು ಆಗಷ್ಟೇ ಕಟ್ಟಿ ಮುಗಿಸಿದ್ದ, ಇನ್ನು ಏಳು ಸಲ ಎಲೆ ಹಾಕಿದರೂ ಅವನಿಗೆ ಕಟ್ಟುವ ಹಂಗಿಲ್ಲ. ಅವನು ಸುಮ್ಮನೆ ಮಡಚಿ ಕೂತಿದ್ದರೆ ಆಗಿತ್ತು. ಚಿಕ್ಕಪಾಲು ಕಟ್ಟಿದ್ದ ರುದ್ರಪ್ಪ ನನ್ನ ಮೇಲೆ ಬೀಳಲು ತುದಿಗಾಲಲ್ಲಿದ್ದ, ಆಗಲೇ ಚೀಲದ ದಾರ ಬಿಚ್ಚಿ ಕೈ ಒಳಗಿಟ್ಟಿದ್ದ. ಚಾಪೆಯ ಮೇಲಿದ್ದ ಎಲ್ಲರಿಗೂ ಇದು ಗೊತ್ತು. ಓಬಕ್ಕನ ಕತೆ ಮುಗಿಯಿತು ಎಂದು ಎಲ್ಲರ ಮುಖದಲ್ಲೂ ಇತ್ತು.

ಆರು ಮನೆಯವರು ಮಡಚಿದರು. ಬೊಮ್ಮಯ್ಯ ಎಲೆ ಎತ್ತಿ ನೋಡಿದ. ಒಂದು ಸಲ ಗಿರಣಿಯ ಹೊಸ್ತಿಲ ಕಡೆ ನೋಡಿದ. ಆಮೇಲೆ ಚೀಲದ ಬಾಯಿ ಬಿಚ್ಚಿ ಸುರಿದ.

ಒಂಬತ್ತು ಕಾಳು ಚಾಪೆಯ ಮೇಲೆ ಉರುಳಿದವು. ರುದ್ರಪ್ಪ ತಬ್ಬಿಬ್ಬಾದ. ಬೊಮ್ಮಯ್ಯ ಒಳ್ಳೆ ಎಲೆ ಇಲ್ಲದೆ ಸುರಿಯುವವನಲ್ಲ ಎಂದು ಊರಿಗೇ ಗೊತ್ತು. ಕೈ ಹಿಂದಕ್ಕೆ ತಗೊಂಡು, “ಹಸಿದೋರಿಬ್ರೂ ಕಚ್ಚಾಡ್ಕಳ್ಳಿ, ನನಗ್ಯಾಕೆ” ಎಂದು ಎಲೆ ಮಡಚಿದ.

ಈಗ ನನ್ನ ಸರದಿ. ಎಂಟು ಆಗಲೇ ಮುಂದಿತ್ತು, ಅವನಿಗೆ ಎದುರು ನಿಲ್ಲಲು ಇನ್ನೊಂದೇ ಕಾಳು ಬೇಕು. ನನ್ನ ಎಲೆ ಗುಲಾಮ ಮತ್ತು ನಾಲ್ಕು, ಕಸ. ಅವನ ಕೈಯಲ್ಲಿ ಎಕ್ಕವಿದೆ ಎಂದೇ ಅಂದುಕೊಂಡೆ. ಆದರೂ ಮಡಚಿದರೆ ನಾಲ್ಕು ಕಾಳು, ಮುಂದಿನ ಸಲದ ಚಿಕ್ಕಪಾಲಿಗೆ ಅದೂ ಹೋಗುತ್ತದೆ. ದುರುಗಿ ಎದ್ದು ನಿಂತಿದ್ದಳು. ನಾನು ಮನಸ್ಸಿನಲ್ಲೇ ತೂಗಿದೆ. ಆ ಮನೆಯಲ್ಲಿ ನಡೆಯಬಲ್ಲ ಮೂರು ಜನ, ಈ ಮನೆಯಲ್ಲಿ ಬಸುರಿ ಹೆಂಗಸು. ಒಂದು ಕಾಳು ತೆಗೆದು ಇಟ್ಟೆ.

“ಎಲೆ ತೋರಿಸಿ” ಎಂದಳು ಮಾರವ್ವ.

ಬೊಮ್ಮಯ್ಯ ತೋರಿಸಿದ. ಎರಡು. ಐದು.

ನಮ್ಮ ಆಟದಲ್ಲಿ ಒಂದು ಕಟ್ಟಳೆಯಿದೆ. ಯಾರಾದರೂ ಬೇಕೆಂದೇ ಸೋಲುತ್ತಿದ್ದಾರೆ ಎನಿಸಿದರೆ ಚಾಪೆಯ ಮೇಲೆ ಕೂತವರಲ್ಲಿ ಒಬ್ಬರು ನೆಲ ತಟ್ಟಿ “ಬೇಕಂತ!” ಎಂದು ಕೂಗಬೇಕು. ಕೂಗಿದರೆ ಆ ಸಲದ ಎಲೆ ರದ್ದು, ಕಾಳು ವಾಪಸ್ಸು, ಹೊಸದಾಗಿ ಎಲೆ. ಮಿಕ್ಕವರು ಯಾಕೆ ಕೂಗುತ್ತಾರೆ, ಅವರಿಗೆ ಮನೆಗೆ ಹೋದರೆ ಸಾಕಾಗಿತ್ತು. ಕೂಗಬೇಕಾದವಳು ನಾನು. ಬೊಮ್ಮಯ್ಯ ನನ್ನ ಮುಖವನ್ನೇ ನೋಡಿದ. “ಕಣ್ಣು ಮಂಜು ಕಣವ್ವ” ಎಂದ, “ಎಕ್ಕ ಅಂದ್ಕಂಡೆ.” ಕತ್ತಾಳೆ ನಾರಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡುಹಿಡಿಯುವವನು, ಎರಡನ್ನು ಎಕ್ಕ ಅಂದುಕೊಂಡನಂತೆ.

ನನ್ನ ಅಂಗೈ ನೆಲದ ಮೇಲಿತ್ತು. ತಟ್ಟಲಿಲ್ಲ. ಊರಿಗೆಲ್ಲ ಕೇಳುವ ಗಂಟಲು ನನ್ನದು, ಆ ಗಳಿಗೆಯಲ್ಲಿ ಎಂಜಲು ನುಂಗಿದೆ.

ಮಾರವ್ವ ಐದೆಲೆ ಹಾಕಿದಳು. ರಾಣಿ, ಒಂಬತ್ತು, ಏಳು, ಮೂರು, ಹತ್ತು. ಯಾರಿಗೂ ಜೋಡಿಯಾಗಲಿಲ್ಲ. ನನ್ನ ಕೈಯ ಗುಲಾಮನೇ ದೊಡ್ಡವನು. ರುದ್ರಪ್ಪ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ. ಪಾಲಯ್ಯ ಜನರನ್ನು ತಳ್ಳಿಕೊಂಡು ಬಂದು ಚಾಪೆಯ ಮೇಲಿನ ಎರಡು ಐದನ್ನು ನೋಡಿದ, ಅಪ್ಪನ ಮುಖ ನೋಡಿದ. “ಅಪ್ಪಾ...” ಎಂದವನು ಗಿರಣಿಯ ಕಡೆ ತಿರುಗಿ ಹೆಂಡತಿಯನ್ನು ಕಂಡು ಬಾಯಿ ಮುಚ್ಚಿಕೊಂಡ. ಅವನಿಗೂ ಅರ್ಥವಾಗಿತ್ತು, ಅವನೂ ಒಪ್ಪಿದ.

ಕೊನೆಯ ಕಾಳು ಗೆದ್ದವರು ಸೋತ ಮನೆಗೆ ನೀರು ಒಯ್ಯಬೇಕು. ಕಹಿಯಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ. ತಂಬಿಗೆ ತುಂಬಿಕೊಂಡು ಬೀದಿ ದಾಟಿದೆ, ದುರುಗಿ ಹಿಂದೆಯೇ ಬಂದಳು. ಸಾಕಮ್ಮ ಗಂಟು ಕಟ್ಟಿ ಮುಗಿಸಿದ್ದಳು. ಅವಳು ಒಂದು ಗುಟುಕು ಕುಡಿದು ಮುಖ ತಿರುಗಿಸಿ ಉಗಿದಳು. ಪಾಲಯ್ಯ ಉಗಿದ. ಬೊಮ್ಮಯ್ಯ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ಉಗಿದು, ಮೀಸೆ ಒರೆಸಿಕೊಂಡ. “ಬೀಗ್ತಿ ಕೈನ ನೀರು ಯಾವತ್ತು ಸಿಹಿ ಇತ್ತು ಬಿಡು” ಎಂದ. ನಾನು ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸುತ್ತಾ ನಿಂತೆ.

ದುರುಗಿ ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿರಲಿಲ್ಲ. ತಂಬಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಗಟಗಟ ಕುಡಿದಳು. ನಾವು ನಾಲ್ವರೂ ಅವಳ ಬಾಯನ್ನೇ ನೋಡುತ್ತಿದ್ದೆವು.

“ಸಿಹಿ” ಎಂದಳು.

ಸಾಕಮ್ಮ “ಸದ್ಯ ಕಣವ್ವ” ಎಂದು ಗೋಡೆಗೆ ಒರಗಿದಳು. ಬೊಮ್ಮಯ್ಯನ ಭುಜ ಇಳಿಯಿತು, ಮುಖದಲ್ಲಿ ಒಂದು ಸಣ್ಣ ನಗು ಬಂತು. ಗೆದ್ದವನ ನಗು ಅದು, ನನಗೆ ಗೊತ್ತು, ಆಟದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅಷ್ಟರಲ್ಲಿ ದುರುಗಿ ಹೊಟ್ಟೆ ಹಿಡಿದುಕೊಂಡು ಬಾಗಿದಳು. ಕುಡಿದ ನೀರೆಲ್ಲ ಹಾಗೆಯೇ ವಾಂತಿಯಾಗಿ ಅಂಗಳದಲ್ಲಿ ಬಿತ್ತು.

“ಬಿಸಿಲಿಗೆ ಹಂಗಾಗೈತೆ” ಎಂದೆ ನಾನು. “ನಿಧಾನಕ್ಕೆ ಕುಡಿಯೇ.” ಅವಳು ನಿಧಾನಕ್ಕೆ ಕುಡಿದಳು. ಮತ್ತೆ ಬಂತು. ಒಂದು ಚಮಚ ಕುಡಿಸಿದೆ, ಅದೂ ಬಂತು. ಮನೆಯಿಂದ ಬೇರೆ ಕೊಡದ ನೀರು ತಂದೆ, ಬೆಲ್ಲ ಹಾಕಿದೆ. ದುರುಗಿ ನೆಲಕ್ಕೆ ಕೂತು ನನ್ನ ಕೈ ಹಿಡಿದಳು. “ಬಾಯಿಗೆ ಸಿಹೀನೇ ಐತವ್ವ” ಎಂದಳು. “ಒಳಗಿರೋದು ಒಲ್ಲೆ ಅಂತೈತೆ. ಕಾಲಲ್ಲಿ ಒದ್ದು ತಳ್ತೈತೆ.”

ಸಾಕಮ್ಮನೇ ಮೆಲ್ಲಗೆ ಹೇಳಿದಳು, “ಕೂಸು ಈ ಮನೇದು ಕಣವ್ವ.” ಸೂರಿನ ಲೆಕ್ಕ ನಮ್ಮದು. ಬಾವಿಯ ಲೆಕ್ಕ ಬೇರೆ ಇತ್ತು, ಅದನ್ನು ನಾವು ಯಾವತ್ತೂ ಕೇಳಿರಲಿಲ್ಲ. ದುರುಗಿಗಿಂತ ಮೊದಲು ನಮ್ಮ ಬೀದಿಯಲ್ಲಿ ಆಟದ ಹೊತ್ತಿಗೆ ಯಾವ ಬಸುರಿಯೂ ತವರಿನಲ್ಲಿದ್ದದ್ದಿಲ್ಲ. ಬೊಮ್ಮಯ್ಯ ತನ್ನ ಎರಡು ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ, ಎಲೆ ಇನ್ನೂ ಅಲ್ಲೇ ಇವೆಯೇನೋ ಎಂಬಂತೆ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಳಿಹೊತ್ತಿಗೆ ಹೊರಟರು. ದುರುಗಿಯ ಸೀರೆ ಗಂಟನ್ನು ನಾನೇ ಹೊತ್ತು ಗಡಿಕಲ್ಲಿನವರೆಗೆ ಹೋದೆ. ಅವಳ ಬಾಯಿಗೆ ನೀರು ಸಿಹಿ ಅಲ್ಲವೇ, ಅವಳು ನನ್ನ ಚೀಲದವಳು ತಾನೆ, ಕಾಲು ಕಲ್ಲಿನ ಹತ್ತಿರ ನಿಂತೀತು ಎಂದು ಆಸೆಯಿತ್ತು. ನಿಂತರೂ ಏನು, ನೀರಿಲ್ಲದೆ ಎಷ್ಟು ದಿನ? ಆದರೂ ಆಸೆ. ಅವಳ ಬಲಗಾಲು ದಾಟಿತು, ಎಡಗಾಲೂ ದಾಟಿತು. ನಾನು ಹಿಂದೆ ಹೋಗಲು ನೋಡಿದೆ. ನನ್ನ ಕಾಲು ಮೇಲೇಳಲಿಲ್ಲ. ಗಂಟನ್ನು ಕಲ್ಲಿನ ಮೇಲಿಟ್ಟೆ, ಪಾಲಯ್ಯ ಆ ಕಡೆಯಿಂದ ಎತ್ತಿಕೊಂಡ. “ಒಳಗೆ ಹೋಗವ್ವ, ಬಿಸಿಲು” ಎಂದಳು ದುರುಗಿ. ಬೊಮ್ಮಯ್ಯ ತಿರುಗಿ ನೋಡಲಿಲ್ಲ.

ಅವರು ಸಣ್ಣದಾಗುವವರೆಗೆ ಅಲ್ಲೇ ನಿಂತು ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬಾವಿಗೆ, ಎಲೆಗೆ, ರುದ್ರಪ್ಪನಿಗೆ, ನನಗೆ, ಕೂಗಿ ಕೂಗಿ ಬೈದೆ. ಏನು ಪ್ರಯೋಜನ? ದುರುಗಿ ಗಂಡನ ಮನೆಯಲ್ಲೇ ಇದ್ದಿದ್ದರೆ ನಾನು ಮೊದಲ ಸಲವೇ ಕಸ ಎಲೆಯ ಮೇಲೆ ಚೀಲ ಸುರಿಯುತ್ತಿದ್ದೆ. ಹೋಗುತ್ತಿದ್ದುದು ನಾನೊಬ್ಬಳು, ಒಂದೇ ಬಾಯಿ. ಮೂರು ಕಾಳು ಹೆಚ್ಚಿದೆ ಅಂತ ಎಣಿಸಿ ಎಣಿಸಿ ಅವಳನ್ನು ಕರೆದುಕೊಂಡು ಬಂದೆ. ಕೊನೆಗೆ ನೆಲ ತಟ್ಟಿ ಒಂದು ಮಾತು ಕೂಗಿದ್ದರೂ ಹೊಸ ಎಲೆ ಬೀಳುತ್ತಿತ್ತು, ರುದ್ರಪ್ಪ ನನ್ನನ್ನು ನುಂಗುತ್ತಿದ್ದ, ಆ ಮೂವರಾದರೂ ಊರಲ್ಲಿ ಉಳಿಯುತ್ತಿದ್ದರು. ಕೂಗಲಿಲ್ಲ.

ಈಗ ಎದುರುಮನೆಗೆ ಬೀಗ. ಗೂಟದಲ್ಲಿ ನನ್ನ ಚೀಲ ತೂಗುತ್ತದೆ, ಇಪ್ಪತ್ತೈದು ಕಾಳು. ಎರಡು ಸಲ ಬಾವಿಗೆ ಎಸೆದೆ, ಎರಡು ಸಲವೂ ಬೆಳಿಗ್ಗೆ ಒದ್ದೆಯಾಗಿ ಅಲ್ಲೇ ಇತ್ತು. ಮುಂದಿನ ಆಟದಲ್ಲಿ ಮೊದಲ ಎಲೆಗೇ ಸುರಿಯುತ್ತೇನೆ, ಯಾವ ಎಲೆ ಬಂದರೂ. ಯಾರಾದರೂ “ಬೇಕಂತ” ಎಂದು ಕೂಗಿದರೆ ಅವರ ನಾಲಿಗೆ ಸೀಳುತ್ತೇನೆ ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಕೂಸಿಗೆ ಈಗ ಐದು ತಿಂಗಳಾಗಿರಬೇಕು, ಆಗಿದ್ದರೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾವಿಗೆ ಹೋಗಿ ಬಗ್ಗಿ ಮೆಟ್ಟಿಲು ಎಣಿಸುತ್ತೇನೆ.

ಇವತ್ತೂ ಇಳಿದಿಲ್ಲ.